ಹುಣಸೆ ಮುಪ್ಪು, ಹುಳಿ ಪ್ರಾಯ: ಒಂದು ಹಳೇ ಗಾಡಿ ಮೀಮಾಂಸೆ

ಪೀಠಿಕೆ

ಹುಣಸೆ ಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎಂಬ ಗಾದೆಯನ್ನು ಪೂರ್ವಸೂರಿಗಳು ಮುದುಕರ ಚಪಲಕ್ಕೆ ಹಚ್ಚಿ ಕೈತೊಳೆದುಕೊಂಡಿದ್ದಾರೆ. ಗಾದೆ ಹುಟ್ಟಿದ್ದೇ ಮೋಟಾರ್ ಸೈಕಲ್ಲಿಗಾಗಿ ಎಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ. ಗಾದೆ ಮೊದಲೋ ಮೋಟಾರ್ ಸೈಕಲ್ ಮೊದಲೋ ಎಂಬ ಕ್ಷುಲ್ಲಕ ಆಕ್ಷೇಪಗಳನ್ನು ಪರಿಗಣಿಸಿಲ್ಲ.

ಕ್ಷೇತ್ರಕಾರ್ಯಕ್ಕೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರನ್ನು ಆರಿಸಿಕೊಂಡದ್ದಕ್ಕೆ ಕಾರಣ ಎರಡು. ಒಂದು, ಸುಮಾರು 53 ಎಕರೆಯ ಇಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಇಲ್ಲಿನ ಮುನ್ನೂರರಷ್ಟು ಮರಗಳಲ್ಲಿ ಒಂದಕ್ಕೆ 410 ವರ್ಷ ವಯಸ್ಸೆಂದು ಅಂದಾಜು. ಎರಡು, ನನ್ನ ತಾತನ ಗಾಡಿ ಆ ತೋಪಿನ ಎದುರೇ ಕೆಟ್ಟು ನಿಂತಿತು. ಗಾಡಿಯ ಕುಲಗೋತ್ರ ಹೇಳುವುದು ಸಂಶೋಧಕನಿಗೆ ಶೋಭೆಯಲ್ಲ. 1978ರದು ಎಂದರೆ ಸಾಕು.

ಶಬ್ದವಿಚಾರ

ಪ್ರಾಗ್ ನಗರದಲ್ಲಿ 1929ರಲ್ಲಿ ಜಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ಬೈಕ್ ತಯಾರಿಕೆಯನ್ನು ಕೊಂಡು ಎರಡೂ ಹೆಸರುಗಳ ತಲೆಯನ್ನಷ್ಟೇ ಕತ್ತರಿಸಿ ಜೋಡಿಸಿದ, ಜಾವಾ ಆಯಿತು. ಇಷ್ಟೊಂದು ಅಕ್ಷರ ನುಂಗಿದ ಲೋಪಸಂಧಿಯನ್ನು ಕೇಶಿರಾಜನೂ ಕಂಡಿರಲಾರ. ಈ ಸಂಧಿ 1961ರಲ್ಲಿ ಮೈಸೂರಿನ ಯಾದವಗಿರಿಗೆ ಬಂತು, 1973ರಲ್ಲಿ ಯೆಜ್ಡಿ ಎಂಬ ಆದೇಶ ಪಡೆಯಿತು, 1996ರಲ್ಲಿ ಕಾರ್ಖಾನೆಯೇ ಲೋಪವಾಯಿತು. ನಾಮಪದ ಹೋದರೂ ಗಾಡಿ ಉಳಿದದ್ದು ವ್ಯಾಕರಣಕ್ಕೆ ಅತೀತವಾದ ವಿಷಯ.

ದರ್ಶನಗಳು

ಹಳೇ ಗಾಡಿಗಳ ಲೋಕದಲ್ಲಿ ಮುಖ್ಯ ದರ್ಶನಗಳು ಮೂರು. ಜಾವಾ-ಯೆಜ್ಡಿಗಳದ್ದು ಅದ್ವೈತ: ಕಿಕ್ಕರೇ ಗೇರು, ಗೇರೇ ಕಿಕ್ಕರು. ಒದ್ದಾಗ ಒಂದು, ಮಡಚಿದಾಗ ಇನ್ನೊಂದು. ಎರಡೆಂಬುದು ಕಾಲಿನ ಭ್ರಮೆ. ಹಳೇ ಬುಲೆಟ್ಟಿನದು ದ್ವೈತ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಎರಡಕ್ಕೂ ನಿತ್ಯಭೇದ. ಬೇರೆ ಗಾಡಿ ಓಡಿಸಿ ರೂಢಿಯಾದವನಿಗೆ ಈ ಭೇದಜ್ಞಾನ ಎಮ್ಮೆ ಅಡ್ಡ ಬಂದಾಗ ತಟ್ಟನೆ ಆಗುತ್ತದೆ. ಮೂರನೆಯದು 98 ಸಿಸಿಯ ಆರ್‌ಎಕ್ಸ್ 100, ಶುದ್ಧ ಚಾರ್ವಾಕ. ನಾಳೆಯ ಪೆಟ್ರೋಲನ್ನೂ ಇವತ್ತೇ ಕುಡಿ, ಹಿಂದೆ ಬರುವವರು ಹೊಗೆ ಕುಡಿಯಲಿ ಎಂಬುದೇ ಅದರ ಸೂತ್ರ.

ಪಾಠಾಂತರ ಸಮಸ್ಯೆ

ಹಳೇ ಗಾಡಿ ಎಂದರೆ ಹಳೇ ಹಸ್ತಪ್ರತಿ. ಇಂಜಿನ್ ನಂಬರು, ಚಾಸಿ ನಂಬರು ಅದರ ಅಂಕಿತ. ಹ್ಯಾಂಡಲ್ ಎತ್ತರಿಸಿ, ಸೀಟು ಕತ್ತರಿಸಿ, ಸೈಲೆನ್ಸರ್ ಬದಲಿಸಿದರೆ ಅದು ಕಸ್ಟಮ್ ಗಾಡಿ, ಅಂದರೆ ಪ್ರಕ್ಷಿಪ್ತ. ಬೇಕಾಬಿಟ್ಟಿ ಪ್ರಕ್ಷೇಪವನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಗ್ರಂಥ ಸಂಪಾದನೆಯಲ್ಲಿ ಇಷ್ಟು ಕಟ್ಟುನಿಟ್ಟು ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಲ್ಲ. 2018ರಲ್ಲಿ ಮರಳಿ ಬಂದ ಜಾವಾ ಪರಿಷ್ಕೃತ ಮುದ್ರಣ: ರಕ್ಷಾಪುಟ ಹಳೆಯದು, ಒಳಗೆ 293 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್.

2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ಪಟ್ಟ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಪಟ್ಟವಾದ ಮೇಲೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ನಮ್ಮ ತಾತನ ಗಾಡಿಗೆ 2028ರವರೆಗೆ ಆ ಯೋಗವಿಲ್ಲ. ಅಲ್ಲಿಯವರೆಗೆ ಅದು ಪಾರಂಪರಿಕವಲ್ಲ, ಬರೀ ಮುದಿ. ಟ್ಯಾಂಕಿನ ಮುಚ್ಚಳ ಬಿಟ್ಟರೆ ಉಳಿದದ್ದೆಲ್ಲ ಪಾಠಾಂತರವಾದ್ದರಿಂದ ಆಮೇಲೂ ಕಷ್ಟವೇ. ತೋಪಿನ ಮರಗಳಾದರೋ ಒಡಲೆಲ್ಲ ಪೊಟರೆಯಾಗಿ, ನೆಲಕ್ಕೆ ಬಿದ್ದ ಕೊಂಬೆ ಮತ್ತೆ ಚಿಗುರಿ, ಯಾವುದು ಮೂಲ ಯಾವುದು ಪ್ರಕ್ಷಿಪ್ತ ಎಂದು ತಿಳಿಯದ ಹಾಗಿದ್ದೂ ಪಟ್ಟ ಗಿಟ್ಟಿಸಿವೆ.

ಪೂರ್ವಪಕ್ಷ

ಬಟನ್ ಒತ್ತಿದರೆ ಹೊರಡುವ, ಮೈಲೇಜ್ ಕೊಡುವ ಗಾಡಿ ಸಿಗುವಾಗ ಇದೆಲ್ಲ ಏಕೆ ಎನ್ನುವರು ಪೂರ್ವಪಕ್ಷಿಗಳು. ನನ್ನ ಹೆಂಡತಿ ಇವರಲ್ಲಿ ಪ್ರಮುಖಳು. ವಾದ ಅಕಾಟ್ಯವಾದ್ದರಿಂದ ಖಂಡಿಸಲು ಹೋಗದೆ ನೇರವಾಗಿ ಪ್ರಯೋಗಕ್ಕೆ ಬರುತ್ತೇನೆ.

ಪ್ರಯೋಗ

ಗಾಡಿ ನಿಂತ ಅರ್ಧ ಗಂಟೆಯಲ್ಲಿ ಐವರು ನಿಂತರು. ಡೇರಿಗೆ ಹಾಲು ಹಾಕಿ ಬರುತ್ತಿದ್ದವರೊಬ್ಬರು ‘ಪ್ಲಗ್ ಬಿಚ್ಚಣ್ಣ’ ಎಂದರು. ಇನ್ನೊಬ್ಬರು ಇಂಥದ್ದೇ ಗಾಡಿಯಲ್ಲಿ ಹೆಣ್ಣು ನೋಡಲು ಹೋದ ಕಥೆ ತೆಗೆದರು. ಯಾರೂ ನನ್ನ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಎಲ್ಲರೂ ಕೇಳಿದ್ದು ‘ಯಾವ ಮಾಡ್ಲು?’

ಕೊನೆಗೆ ಬಂದ ಅಜ್ಜ ಕಾರ್ಬೊರೇಟರ್ ಬಿಚ್ಚಿ ಜೆಟ್ ತೆಗೆದರು. ಜೆಟ್ ಹಿತ್ತಾಳೆಯದು, ಹಿತ್ತಾಳೆಯನ್ನು ಬೆಳಗುವುದು ಹುಣಸೆಹಣ್ಣು, ಹುಣಸೆಹಣ್ಣು ತಲೆಯ ಮೇಲೇ ತೂಗುತ್ತಿದೆ. ಪಂಚಾವಯವ ವಾಕ್ಯ ಸಿದ್ಧವಾಗಿತ್ತು. ಮಂಡಿಸಿದೆ.

‘ಅದು ಚೊಂಬು ಬೆಳಗಕ್ಕೆ ಸಾಮಿ. ಇದಕ್ಕೆ ಬಾಯಲ್ಲಿ ಊದಬೇಕು’ ಎಂದವರೇ ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ತೂತು ನೋಡಿದರು, ಊದಿದರು, ಕೂರಿಸಿದರು, ಪಂಚೆ ಎತ್ತಿಕಟ್ಟಿ ಒಂದೇ ಒದೆ ಒದ್ದರು. ಗಾಡಿ ಕೆಮ್ಮಿ ಎದ್ದಿತು. ಐದೂ ಮುಖಗಳ ಮೇಲೆ, ಹುಣಸೆಕಾಯಿ ಕಚ್ಚುವವನನ್ನು ಎದುರಿಗೆ ಕೂತು ನೋಡುವವರ ಕಳೆ ಬಂತು.

ಸಿದ್ಧಾಂತ

ಇದರಿಂದ ತಿಳಿಯುವುದೇನೆಂದರೆ, ಹುಳಿ ಇರುವುದು ಮರದಲ್ಲಲ್ಲ, ಕೆಳಗೆ ನಿಂತವನ ಬಾಯಲ್ಲಿ. ಮರಕ್ಕೆ ಮುಪ್ಪಾಗಬಹುದು, ಬಾಯಲ್ಲಿ ನೀರೂರುವುದಕ್ಕೆ ಮುಪ್ಪಿಲ್ಲ.

ಈ ಸಿದ್ಧಾಂತವನ್ನು ಇನ್ನಷ್ಟು ವಿಸ್ತರಿಸಬಹುದಿತ್ತು. ಆದರೆ ‘ಒಂದ್ ರೌಂಡ್ ಹೋಗ್ಬತ್ತೀನಿ ಸಾಮಿ’ ಎಂದು ಗಾಡಿ ಹತ್ತಿದ ಅಜ್ಜ ಹೊತ್ತು ಮುಳುಗಿದರೂ ಬಂದಿಲ್ಲ. ದೇವನಹಳ್ಳಿ ಕಡೆಯಿಂದ ಆ ಸದ್ದು ಆಗಾಗ ಕೇಳಿದಂತಾಗುತ್ತಿದೆ. ಪ್ರಬಂಧಕಾರ ಮರದ ಕೆಳಗೆ ಕಾಯುತ್ತಿದ್ದಾನೆ.