ಕಣ್ಣೀರಿನ ಲೆಕ್ಕಪರಿಶೋಧಕರಿಗೆ

ಸೋವಿಯತ್ ಒಕ್ಕೂಟದಲ್ಲಿ ಹಾಡು, ನಾಟಕ, ಸಿಂಫನಿಗಳಿಗೆ ಪರವಾನಗಿ ಕೊಡುತ್ತಿದ್ದ ಗ್ಲಾವ್‌ರೆಪರ್ಟ್‌ಕೋಮ್‌ನ ಮಹನೀಯರಿಗೂ, ರೇಡಿಯೊ ಸಂಪಾದಕರಿಗೂ, ಸ್ಪರ್ಧೆಗಳ ತೀರ್ಪುಗಾರರಿಗೂ:

ನಿಮ್ಮ ಕಚೇರಿಗಳಿಗೆ ಬೀಗ ಬಿದ್ದು ಬಹುಕಾಲವಾಯಿತು. ಆದರೂ ಸಲ್ಲಬೇಕಾದ ವಂದನೆ ಬಾಕಿ ಉಳಿಯಬಾರದೆಂದು ಬರೆಯುತ್ತಿದ್ದೇನೆ. ಯುದ್ಧದ ಹಾಡುಗಳಲ್ಲಿ ಯಾವುದಕ್ಕೆ ಆಯಸ್ಸು ಗಟ್ಟಿ ಎಂದು ನಿಮ್ಮಷ್ಟು ಚೆನ್ನಾಗಿ ಗುರುತಿಸಿದವರಿಲ್ಲ. ಗುರುತಿಸಿದ ಕೂಡಲೇ ಕಸದ ಬುಟ್ಟಿಗೆ ಹಾಕಿದಿರಿ, ಅದು ಬೇರೆ ಮಾತು.

1941ರ ನವೆಂಬರಿನಲ್ಲಿ ಮಾಸ್ಕೋ ಹತ್ತಿರದ ಇಸ್ತ್ರಾದಲ್ಲಿ ಸಾವಿನ ದವಡೆಯಿಂದ ಪಾರಾಗಿ ಬಂದ ಕವಿ ಅಲೆಕ್ಸೇಯ್ ಸುರ್ಕೋವ್ ಹೆಂಡತಿಗೆ ಪದ್ಯದಲ್ಲೇ ಕಾಗದ ಬರೆದರು. ಮುಂದಿನ ಫೆಬ್ರವರಿಯಲ್ಲಿ ಕೊನ್ಸ್ತಾಂತಿನ್ ಲಿಸ್ತೋವ್ ಅದಕ್ಕೆ ರಾಗ ಕಟ್ಟಿದರು. ಸಾವು ಎಷ್ಟು ಸಮೀಪದಲ್ಲಿದೆ ಎಂದು ಹೇಳುವ ಸಾಲೊಂದು ಅದರಲ್ಲಿತ್ತು. ಸೈನಿಕರ ಧೈರ್ಯ ಕುಂದೀತೆಂದು ನಿಮಗೆ ಚಿಂತೆಯಾಯಿತು. ಸಾವನ್ನು ಕೊಂಚ ಆಚೆ ಸರಿಸಿ ಎಂದಿರಿ. ಟ್ಯಾಂಕ್ ಪಡೆಯ ಕೆಲವರು ಕವಿಗೆ ಪತ್ರ ಬರೆದರಂತೆ: ಹೆದರುವವರಿಗೆ ಬೇಕಾದಷ್ಟು ಮೈಲಿ ಸೇರಿಸಿಕೊಡಿ, ನಮ್ಮ ಹಾಡನ್ನು ಮುಟ್ಟಬೇಡಿ, ಆ ದೂರ ನಮಗೆ ಗೊತ್ತು. ಅಳತೆಪಟ್ಟಿ ನಿಮ್ಮ ಮೇಜಿನ ಮೇಲೆ, ಸಾವು ಅವರ ಎದುರಿಗೆ.

ಸಂಗೀತಗಾರ ಸೊಲೊವ್ಯೋವ್-ಸೆದೋಯ್ ಲೆನಿನ್‌ಗ್ರಾದ್ ಬಂದರನ್ನು ನೆನೆದು ಹಾಡು ಮಾಡಿದಾಗ ನಿಮಗೆ ಶ್ರಮವೇ ಆಗಲಿಲ್ಲ. ತೀರಾ ಮಂಕು ಎಂದು ಜೊತೆಯ ಸಂಗೀತಗಾರರೇ ತಳ್ಳಿಹಾಕಿದರು. (ಕಲಾವಿದರಿರುವ ಕಡೆ ಸೆನ್ಸಾರಿಗೆ ಅರ್ಧ ಸಂಬಳ ಸಾಕು.) ರ್ಝೇವ್ ಹತ್ತಿರದ ಕಂದಕದಲ್ಲಿ ಸೊಲೊವ್ಯೋವ್-ಸೆದೋಯ್ ಅದನ್ನು ಹಾಡಿದಾಗ ಸೈನಿಕರು ದನಿಗೂಡಿಸಿದರು.

ನಿಮ್ಮ ನಿಜವಾದ ಸಾಧನೆ ಕವಿ ಮಿಖಾಯಿಲ್ ಇಸಕೋವ್‌ಸ್ಕಿಯ ವಿಷಯದ್ದು. ಅವರು ‘ಕತ್ಯೂಷಾ’ ಬರೆದಾಗ ಕುಣಿದಾಡಿದ್ದಿರಿ. ಸೈನಿಕರು ರಾಕೆಟ್ ಲಾಂಚರಿಗೂ ಆ ಹಾಡಿನ ಹುಡುಗಿಯ ಹೆಸರನ್ನೇ ಇಟ್ಟರು. ಅದೇ ಇಸಕೋವ್‌ಸ್ಕಿ, ‘ಕತ್ಯೂಷಾ’ಗೆ ರಾಗ ಕಟ್ಟಿದ ಅದೇ ಮತ್ವೇಯ್ ಬ್ಲಾಂಟೆರ್ ಸೇರಿ ಯುದ್ಧ ಮುಗಿದ ಮೇಲೆ ಇನ್ನೊಂದು ಹಾಡು ಮಾಡಿದರು. ಗೆದ್ದ ಸೈನಿಕ ಊರಿಗೆ ಬರುತ್ತಾನೆ. ಮನೆ ಸುಟ್ಟಿದೆ, ಮನೆಯವರು ಯಾರೂ ಇಲ್ಲ. ಹೆಂಡತಿಯ ಸಮಾಧಿಯ ಮುಂದೆ ಬಾಟಲಿ ಇಟ್ಟುಕೊಂಡು ಕೂತು ಅವಳೊಡನೆ ಮಾತಾಡುತ್ತಾನೆ. ಎದೆಯ ಮೇಲೆ ಬುಡಾಪೆಸ್ಟ್ ಗೆದ್ದ ಪದಕ. 1946ರಲ್ಲಿ ‘ಜ್ನಾಮ್ಯಾ’ ಪತ್ರಿಕೆಯಲ್ಲಿ ಪದ್ಯ ಅಚ್ಚಾಯಿತು, ಹಾಡು ಮಾತ್ರ ರೇಡಿಯೊದಿಂದ ಮಾಯವಾಯಿತು. ಗೆದ್ದವನು ಅಳಬಾರದೆಂಬುದು ನಿಮ್ಮ ನಿಯಮ. ಎರಡೂವರೆ ಕೋಟಿಗೂ ಮೀರಿ ಜನ ಸತ್ತ ದೇಶದಲ್ಲಿ ಒಬ್ಬ ವಿಧುರನಿಗೆ ನಿಮ್ಮಿಂದ ಅನುಮತಿ ಸಿಗಲಿಲ್ಲ. ಪದಕ ಕೊಟ್ಟದ್ದು ಸರ್ಕಾರವೇ. ಅದರ ಮೇಲೆ ಕಣ್ಣೀರು ಬಿದ್ದೀತೆಂದು ತಯಾರಿಸುವಾಗ ಹೊಳೆದಿರಲಿಲ್ಲವೇನೋ. 1960ರಲ್ಲಿ ಗಾಯಕ ಮಾರ್ಕ್ ಬೆರ್ನೆಸ್ ವೇದಿಕೆಯ ಮೇಲೆ ಅದನ್ನು ಹಾಡಿಬಿಟ್ಟರು. ಆಮೇಲೆ ಯಾರ ಕೈಯಲ್ಲೂ ತಡೆಯಲಾಗಲಿಲ್ಲ.

1948ರಲ್ಲಿ ಶೊಸ್ತಕೋವಿಚ್‌ರ ಎಂಟನೆಯ, ಒಂಬತ್ತನೆಯ ಸಿಂಫನಿಗಳನ್ನು ನೀವು ಪಟ್ಟಿ ಮಾಡಿ ನಿಲ್ಲಿಸಿದ್ದೂ ನೆನಪಿದೆ. ಎಂಟನೆಯದರಲ್ಲಿ ದುಃಖ ಹೆಚ್ಚು, ಒಂಬತ್ತನೆಯದರಲ್ಲಿ ತಮಾಷೆ ಹೆಚ್ಚು. ನಿಮ್ಮ ತಕ್ಕಡಿಗೆ ಸರಿಹೊಂದಲು ಆ ಮನುಷ್ಯ ಏನು ಮಾಡಬೇಕಿತ್ತೋ! 1975ರಲ್ಲಿ ತುಖ್ಮಾನೋವ್‌ರ ‘ವಿಜಯದ ದಿನ’ದಲ್ಲಿ ಫಾಕ್ಸ್‌ಟ್ರಾಟ್ ವಾಸನೆ ಹಿಡಿದು ಬಹುಮಾನ ತಪ್ಪಿಸಿದ್ದೂ ನಿಮ್ಮ ಬಳಗವೇ. ಈಗ ಅದಿಲ್ಲದೆ ರಷ್ಯದಲ್ಲಿ ಮೇ 9ರ ವಿಜಯೋತ್ಸವ ಕಳೆಯುವುದಿಲ್ಲ.

ನಿಮ್ಮ ಉತ್ತರಾಧಿಕಾರಿಗಳು ನಿಮಗಿಂತ ಜಾಣರು. ಈ ಹಾಡುಗಳನ್ನು ಅವರು ತಡೆಯುವುದಿಲ್ಲ; ಮೆರವಣಿಗೆಗೆ, ವೇದಿಕೆಗೆ ಕರೆತಂದು ಹಾಡಿಸುತ್ತಾರೆ. ಅಳು ಯಾರಿಗೂ ಕೇಳಿಸದಂತೆ ಮಾಡಲು ಅಷ್ಟು ಸಾಕು ಎಂಬುದು ನಿಮಗೇಕೆ ತೋಚಲಿಲ್ಲ?

ಒಂದು ಸಣ್ಣ ವಿಚಾರಣೆ. ಗಾಯಕರ ಜನ್ಮಸ್ಥಳ ನಿಮ್ಮ ಕಡತಗಳಲ್ಲಿ ಇದ್ದೇ ಇರಬೇಕು. ಬೆರ್ನೆಸ್ ಹುಟ್ಟಿದ್ದು ಉಕ್ರೇನಿನ ನೀಝಿನ್‌ನಲ್ಲಿ. ಲೆನಿನ್‌ಗ್ರಾದ್ ಮುತ್ತಿಗೆಯ ದಿನಗಳಲ್ಲಿ ಸೈನಿಕರಿಗೆ ‘ನೀಲಿ ತಲೆವಸ್ತ್ರ’ ಹಾಡಿದ ಕ್ಲಾವ್ದಿಯಾ ಶುಲ್‌ಝೆಂಕೊ ಖಾರ್ಕಿವ್‌ನವರು. 2022ರಿಂದ ಆ ಊರಿನ ಮೇಲೆ ರಷ್ಯದ ಕ್ಷಿಪಣಿಗಳು ಬೀಳುತ್ತಿವೆ. ಮನೆ ಸುಟ್ಟುಹೋದ ಅಲ್ಲಿನವನೊಬ್ಬ ಇಸಕೋವ್‌ಸ್ಕಿಯ ಹಾಡನ್ನೇ ಹಾಡಿಕೊಂಡರೆ ಅರ್ಜಿಯನ್ನು ಯಾವ ವಿಭಾಗಕ್ಕೆ ಸಲ್ಲಿಸಬೇಕು, ಮರುಟಪಾಲಿನಲ್ಲಿ ತಿಳಿಸಿ.

ಇತಿ,
ನಿಮ್ಮ ಕಸದ ಬುಟ್ಟಿಗೆ ಋಣಿಯಾದ ಒಬ್ಬ ಕೇಳುಗ