ಆರು ಅಕಾಡೆಮಿಗಳ ಒಗ್ಗಟ್ಟು

ತೆಲಂಗಾಣದ ಕೆ.ಟಿ. ದೊಡ್ಡಿಯಲ್ಲಿ ಬೀಜದ ಹತ್ತಿ ಬೆಳೆಯುವವರಿಗೆ ವಿಜ್ಞಾನದ ದೊಡ್ಡತನ ಇನ್ನೂ ತಿಳಿದಿಲ್ಲ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ಕೀಳುತ್ತಾರೆ; ಮರುದಿನ ಬೆಳಿಗ್ಗೆ ಗಂಡು ಹೂ ತಂದು ಒಂದೊಂದಕ್ಕೂ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಬೇರೆ ಪರಾಗ ಬೆರೆತು ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಫೇಲಾದರೆ ಆ ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಬೆರಕೆ ಎಂದರೆ ಸಾಕು, ಬೆಚ್ಚಿಬೀಳುತ್ತಾರೆ. ಪಾಪ, ಸಂಕುಚಿತ ಮನಸ್ಸಿನವರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು ನೋಡಿ ಕಲಿಯಬೇಕು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಅದು ತಂದ ಬಿಕಾನೇರಿ ನರ್ಮಾ ಎಂಬ ಕುಲಾಂತರಿ (ಬಿಟಿ) ಹತ್ತಿಗೆ 2008ರಲ್ಲಿ ಅನುಮತಿ ಸಿಕ್ಕಿತು. 2009ರಲ್ಲಿ ಬೀಜ ಹೊಲಕ್ಕೆ ಬಂತು. ಅಪ್ಪಟ ಸರ್ಕಾರಿ, ಅಪ್ಪಟ ಸ್ವದೇಶಿ. ಆಮೇಲೆ ನೋಡಿದರೆ ಒಳಗೆ ಮಾನ್ಸಾಂಟೊ ಕಂಪನಿಯ ವಂಶವಾಹಿ, ಮಾನ್-531! ಬೀಜ ಹಿಂದಕ್ಕೆ ಹೋಯಿತು, ತನಿಖೆಗೆ ಸೋಪೋರಿ ಸಮಿತಿ ಕೂತಿತು. ಕರೆಯದೆ ಬಂದ ಅಮೆರಿಕದ ವಂಶವಾಹಿಗೂ ಸ್ವದೇಶಿ ಹಣೆಪಟ್ಟಿ ಕೊಟ್ಟು ಕೂರಿಸಿದ ಈ ಅತಿಥಿ ಸತ್ಕಾರವನ್ನು ಯಾರೂ ಮೆಚ್ಚಲಿಲ್ಲ.

ಇನ್ನು 2010ರ ಬಿಟಿ ಬದನೆ ಪ್ರಸಂಗವಂತೂ ಚಿನ್ನದ ಅಕ್ಷರದಲ್ಲಿ ಬರೆಯುವಂಥದ್ದು. ಫೆಬ್ರವರಿಯಲ್ಲಿ ಪರಿಸರ ಸಚಿವ ಜೈರಾಂ ರಮೇಶ್ ಬದನೆಗೆ ತಡೆ ಹಾಕಿ, ದೇಶದ ಆರು ಅಕಾಡೆಮಿಗಳ ಅಭಿಪ್ರಾಯ ಕೇಳಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಅದರಲ್ಲಿತ್ತು. ಆರು ಜನ ಪಂಡಿತರು ಸೇರಿದ ಕಡೆ ಏಳು ಮಾತು ಹುಟ್ಟುವ ನಾಡಿದು. ಇವರು ಮಾತ್ರ ಏಕಕಂಠದಲ್ಲಿ, ಸೀಮಿತವಾಗಿ ಬೆಳೆಯಲು ಬಿಡಿ ಎಂದು ವರದಿ ಕೊಟ್ಟರು. ಒಗ್ಗಟ್ಟು ಎಷ್ಟಿತ್ತೆಂದರೆ, ವರದಿಯ ಕೆಲವು ಸಾಲುಗಳು ಪಿ. ಆನಂದ ಕುಮಾರ್ ಎಂಬ ವಿಜ್ಞಾನಿಯ ಹಳೆಯ ಲೇಖನದೊಂದಿಗೆ ಅಕ್ಷರಶಃ ಹೊಂದಿಕೊಂಡವು. ಅವರು ಬಿಟಿ ಬದನೆ ತಯಾರಿಸುವ ಕೆಲಸದಲ್ಲೇ ಇದ್ದವರು. ಲೇಖನ ಬಂದದ್ದು ಜೈವಿಕ ತಂತ್ರಜ್ಞಾನ ಇಲಾಖೆಯ ಪತ್ರಿಕೆಯಲ್ಲಿ. ಮದುಮಗನ ಗುಣ ಯಾರಿಗೆ ಗೊತ್ತು, ಅವನ ಮನೆಯವರಿಗಲ್ಲದೆ? ಆಕರಗಳ ಪಟ್ಟಿಯನ್ನೂ ವರದಿಯಲ್ಲಿ ಹಾಕಿರಲಿಲ್ಲ. ಓದುಗರ ಸಮಯದ ಬಗ್ಗೆ ಎಂಥ ಕಾಳಜಿ.

ಇಷ್ಟಕ್ಕೇ ಗದ್ದಲ ಎದ್ದಿತು. ಸಚಿವರೂ ಬೇಸರಗೊಂಡರು. ಅಕಾಡೆಮಿಗಳು ಡಿಸೆಂಬರಿನಲ್ಲಿ ವರದಿ ತಿದ್ದಿ ಮತ್ತೆ ಕೊಟ್ಟವು. ಸಾಲು ಬದಲಾದವು, ಶಿಫಾರಸು ಬದಲಾಗಲಿಲ್ಲ. ಇಂಥ ನಿಷ್ಠೆಯನ್ನು ಕಂಡ ಮೇಲೂ ಬಿಟಿ ಬದನೆಯ ಮೇಲಿನ ತಡೆ ಇಂದಿಗೂ ತೆರವಾಗಿಲ್ಲ. ಸರ್ಕಾರಕ್ಕೆ ಕೃತಜ್ಞತೆ ಎಂಬುದೇ ಇಲ್ಲ.