ಈ ಗುಡ್ಡದ ಉತಾರ ಯಾರ ಹೆಸರ್ಲೆ ಅದ?

ಸಾಲ್ಟ್ ಲೇಕ್ ಸಿಟಿಯ ಕನ್ನಡಿಗರ ನಡುವೆ ನಮ್ಮ ನಾಲ್ಕು ಮನೆಗಳಿಗೆ ಒಂದೇ ಹೆಸರು: ವಿಜಾಪುರದವರು. ಹೊರಗಿನವರಿಗೆ ಅಷ್ಟು ಸಾಕು. ಒಳಗೆ ನಾವು ತಾಲ್ಲೂಕುವಾರು ಬದುಕುತ್ತೇವೆ. ನಮ್ಮದು ಇಂಡಿ ಮನೆ. ನಾನು ಹುಟ್ಟಿದ್ದು ಮುದ್ದೇಬಿಹಾಳದಲ್ಲಾದರೂ ಅಕ್ಕಿಕಾಳು ಬಿದ್ದ ದಿನದಿಂದ ಲಿಂಬೆಹಣ್ಣಿನ ಊರಾದ ಇಂಡಿಯ ಪಕ್ಷ. ಎದುರಿನ ರಸ್ತೆಯಲ್ಲಿ ಸಿಂದಗಿಯವರು. ಸ್ವಲ್ಪ ದೂರದಲ್ಲಿ ಮುದ್ದೇಬಿಹಾಳದವರು. ತವರಿನ ಕಡೆಯವರೆಂದು ಗುಟ್ಟಾಗಿ ನನ್ನ ಓಟು ಅವರಿಗೇ. ಇನ್ನು ಬಸವನಬಾಗೇವಾಡಿಯವರ ಜೊತೆ ವಾದಕ್ಕೆ ಇಳಿಯುವಂತೆಯೇ ಇಲ್ಲ. ಕೊನೆಗೆ ಬಸವಣ್ಣ ಹುಟ್ಟಿದ್ದು ಯಾವೂರಲ್ಲಿ ಎಂಬಲ್ಲಿಗೆ ತಂದು ನಿಲ್ಲಿಸಿ ಗೆದ್ದುಬಿಡುತ್ತಾರೆ.

ಊರಿನ ಬೆನ್ನಿಗೇ ವಾಸಾಚ್ ಗುಡ್ಡಗಳು. ಅಲ್ಲಿ ಆಲ್ಟಾ, ಸ್ನೋಬರ್ಡ್, ಬ್ರೈಟನ್, ಸಾಲಿಟ್ಯೂಡ್ ಎಂಬ ನಾಲ್ಕು ಸ್ಕೀ ರೆಸಾರ್ಟುಗಳು, ತಾಲ್ಲೂಕಿಗೊಂದರಂತೆ. 2022-23ರ ಹಂಗಾಮಿನಲ್ಲಿ ಆಲ್ಟಾದಲ್ಲಿ 903 ಇಂಚು ಹಿಮ ಬಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ನಂಬಿ ಬಿಳಿಜೋಳ ಬಿತ್ತುವ ಸೀಮೆಯಿಂದ ಬಂದ ನಮಗೆ ಇಂಥ ಲೆಕ್ಕ ಕೇಳಿದರೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು.

ನಾಲ್ಕೂ ಮನೆಯ ಮಕ್ಕಳು ಶಾಲೆಯ ದೆಸೆಯಿಂದ ಸ್ಕೀ ಕಲಿತವು. ಮಕ್ಕಳ ಹಿಂದೆ ಅಪ್ಪಂದಿರು ಬಿದ್ದು, ಎದ್ದು, ಮತ್ತೆ ಬಿದ್ದು ಕಲಿತರು. ತೊಡಕು ಶುರುವಾದದ್ದು ಟಿಕೆಟ್ಟಿನಿಂದ. ಲಿಫ್ಟಿನಲ್ಲಿ ಕೂತು ಮೇಲೆ ಹೋಗಲು ಒಂದು ದಿನಕ್ಕೆ ನೂರೈವತ್ತು ಡಾಲರ್ ದಾಟಿದಾಗ ಸಿಂದಗಿಯವರು ನಮ್ಮ ಅಡುಗೆಮನೆಯಲ್ಲಿ ಘೋಷಿಸಿದರು: “ಇಳಿಯೂದಕ್ಕ ರೊಕ್ಕಾ ಕೇಳಿದ್ರ ಕೊಡೂಣು. ಹತ್ತೂದಕ್ಕ ಯಾಕ್ರಿ? ನಮಗೇನು ಕಾಲಿಲ್ಲೇನು?”

ಕಾಲಿದ್ದವರು ಹತ್ತುವುದಕ್ಕೆ ಇಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಅನ್ನುತ್ತಾರೆ. ರೆಸಾರ್ಟಿನ ಹಗ್ಗದ ಆಚೆಗೆ, ಲಿಫ್ಟಿಲ್ಲದ, ಕಾವಲಿಲ್ಲದ ಗುಡ್ಡವನ್ನು ತಾವೇ ಹತ್ತಿ ತಾವೇ ಇಳಿಯುವುದು. ಸ್ಕೀ ತಳಕ್ಕೆ ‘ಸ್ಕಿನ್’ ಎಂಬ ಪಟ್ಟಿ ಅಂಟಿಸುತ್ತಾರೆ. ಒಂದು ಕಾಲಕ್ಕೆ ಅದು ಸೀಲ್ ಪ್ರಾಣಿಯ ತೊಗಲು. ಈಗ ಮೊಹೇರ್ ಇಲ್ಲವೇ ನೈಲಾನ್. ಕೂದಲೆಲ್ಲ ಹಿಂದಕ್ಕೆ ಮಲಗಿರುವುದರಿಂದ ಮುಂದಕ್ಕೆ ಸರಾಗ, ಹಿಂದಕ್ಕೆ ಬಿಗಿ. ಹಿಮ್ಮಡಿ ಎತ್ತಿ ನಡೆಯಲು ಬೇರೆಯದೇ ಕೊಂಡಿ, ಹಗುರ ಸ್ಕೀ. ಹಿಮದಡಿ ಸಿಕ್ಕವರನ್ನು ಹುಡುಕಲು ಬೀಕನ್, ಚುಚ್ಚಿ ನೋಡಲು ಉದ್ದನೆಯ ಸರಳು, ತೋಡಲು ಸಲಿಕೆ. ಇದೆಲ್ಲ ಕೊಂಡ ಹಣದಲ್ಲಿ ಒಬ್ಬೊಬ್ಬರಿಗೂ ಹಂಗಾಮಿನ ಪಾಸೇ ಬರುತ್ತಿತ್ತು. ಸಿಂದಗಿಯವರು ಇದನ್ನು ಈಗಲೂ ಉಳಿತಾಯದ ಬಾಬತ್ತಿನಲ್ಲೇ ಬರೆಯುತ್ತಾರೆ.

ಸಾಮಾನು ಬಂತು, ದಾರಿ ಎಲ್ಲಿ? ಈ ಊರಿನ ಸ್ಕೀ ಜನ ಸಂಬಳ ಹೇಳಿಯಾರು, ಒಳ್ಳೆಯ ಇಳಿಜಾರು ಹೇಳುವುದಿಲ್ಲ. ಸಿಂದಗಿಯವರ ಆಫೀಸಿನಲ್ಲಿ ಈ ಕಣಿವೆಗಳನ್ನು ಅರೆದು ಕುಡಿದ ಒಬ್ಬನಿದ್ದಾನೆ. ಹಿಮ ಹೇಗಿತ್ತು ಎಂದರೆ ಅರ್ಧ ಗಂಟೆ ಹೇಳುತ್ತಾನೆ. ಎಲ್ಲಿ ಎಂದರೆ, “ಅಲ್ಲೇ, ಮೇಲೆ.” ಕೊನೆಗೆ ಸಿಂದಗಿಯ ಅಕ್ಕ ಶೇಂಗಾ ಹೋಳಿಗೆ ಮಾಡಿ, ಮೇಲೆ ತುಪ್ಪ ಹಾಕಿ ಕಳಿಸಿದರು. ಒಂದನೆಯ ಹೋಳಿಗೆಗೆ ಕಣಿವೆಯ ಹೆಸರು ಬಂತು: ಬಿಗ್ ಕಾಟನ್‌ವುಡ್. ಎರಡನೆಯದಕ್ಕೆ ಸಾಲಿಟ್ಯೂಡ್ ರೆಸಾರ್ಟಿಗಿಂತ ಸ್ವಲ್ಪ ಕೆಳಗಿನ ಮಿಲ್ ಡಿ ನಾರ್ತ್ ಎಂಬ ಹಳ್ಳ. ಮೂರನೆಯದನ್ನು ಮುಗಿಸಿ ಬೆರಳು ನೆಕ್ಕುವಾಗ ಅದರ ತಲೆಯ ಪೌಡರ್ ಪಾರ್ಕ್ ಎಂಬ ಬಯಲು. ಆ ಹೆಸರುಗಳು ಅಂಗಡಿಯಲ್ಲಿ ಮಾರುವ ನಕಾಶೆಯಲ್ಲೇ ಅಚ್ಚಾಗಿವೆ ಎಂದು ಬಾಗೇವಾಡಿಯವರು ಮರುದಿನವೇ ತೋರಿಸಿದರು. ಹೋಳಿಗೆ ಹೋದದ್ದು ಹೋಯಿತು.

ನಕಾಶೆಯ ಉಸ್ತುವಾರಿ ಮುದ್ದೇಬಿಹಾಳದವರದು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಫೋನಿನ ನಕಾಶೆ ಅಂಥ ಜಾಗಕ್ಕೆ ಹಳದಿ, ಕಿತ್ತಳೆ, ಕೆಂಪು ಬಳಿದು ತೋರಿಸುತ್ತದೆ. ಬಣ್ಣವಿಲ್ಲದ ಕಡೆಯಿಂದಲೇ ದಾರಿ ಹೆಣೆಯಬೇಕು, ಆ ದಾರಿಯ ತಲೆಯ ಮೇಲೂ ಬಣ್ಣ ನೇತಾಡುತ್ತಿರಬಾರದು. ನಮ್ಮವರಿಗೆ ಈ ಡಿಗ್ರಿ ಮನದಟ್ಟಾಗುವುದು ಕಷ್ಟವಾಯಿತು. ಎರೆಹೊಲದಲ್ಲಿ ಬೆಳೆದವರು, ಹುಟ್ಟಿದಾಗಿನಿಂದ ಕಂಡ ಕಡಿದಾದ ಏರು ಅಂದರೆ ಗೋಳಗುಮ್ಮಟದ ಮೆಟ್ಟಿಲು. ಇದರ ಮೇಲೆ ಯೂಟಾ ಅವಲಾಂಚ್ ಸೆಂಟರ್ ಚಳಿಗಾಲವಿಡೀ ದಿನಾ ಬೆಳಿಗ್ಗೆ ಅಪಾಯಕ್ಕೆ ಒಂದರಿಂದ ಐದರ ಅಂಕ ಕೊಡುತ್ತದೆ. ನಾಲ್ಕು, ಐದು ಬಂದ ದಿನ ಬುದ್ಧಿ ಇದ್ದವರು ಮನೆಯಲ್ಲಿರುತ್ತಾರೆ. ಐದರಲ್ಲಿ ಮೂರು ತಾನೆ ಎಂದು ಹೊರಟ ದಿನವೇ ಹೆಚ್ಚು ಜನ ಸತ್ತಿರುವುದು. ಅಂಕಪಟ್ಟಿಯಲ್ಲಿ ಮೂರು ಅಂದರೆ ಸೆಕೆಂಡ್ ಕ್ಲಾಸ್ ಎಂದುಕೊಂಡಿದ್ದ ನಮ್ಮ ಮನೆಯವರಿಗೆ ನಾನು ಇದನ್ನು ಮತ್ತೆ ಮತ್ತೆ ಓದಿ ಹೇಳಬೇಕಾಯಿತು.

ಅಷ್ಟರಲ್ಲಿ ಇಂಡಿಯಿಂದ ಮಾಮಾರು, ನಮ್ಮ ಮನೆಯವರ ಅಪ್ಪ, ಬಂದರು. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಒಂದು ಚೀಲ ಕಟಕರೊಟ್ಟಿ, ಗುರೆಳ್ಳು ಹಿಂಡಿ, ಜೊತೆಗೆ ತಮ್ಮ ಕೋರ್ಟಿನ ಫೈಲಿನ ಝೆರಾಕ್ಸ್ ತಂದಿದ್ದರು. ಅವರಿಗೂ ಅವರ ಕಾಕಾನ ಮಗನಿಗೂ ಹೊಲದ ದಾರಿಯ ತಕರಾರು. ಟ್ರ್ಯಾಕ್ಟರ್ ಹಾಯುವ ದಾರಿಗೆ ಆತ ಕಂಟಿ ಹಚ್ಚಿದ್ದಾನೆ. ಕೋರ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಫೋನಿನಲ್ಲಿ ಮಾತ್ರ ದಿನಾ ಮಾತಾಡುತ್ತಾರೆ.

ಊಟದ ಟೇಬಲ್ಲಿನ ಮೇಲೆ ಹರಡಿದ್ದ ನಕಾಶೆ ಕಂಡು ಮಾಮಾರಿಗೆ ಜೆಟ್‌ಲ್ಯಾಗ್ ಇಳಿದುಹೋಯಿತು. ಕೇಳಿದ್ದು ಪಹಣಿಯನ್ನೇ: “ಈ ಗುಡ್ಡದ ಉತಾರ ಯಾರ ಹೆಸರ್ಲೆ ಅದ?”

“ಸರಕಾರದ್ದು ಮಾಮಾ. ಅರಣ್ಯ ಇಲಾಖೆದು.”

“ಪೂರಾ?” ದನಿಯಲ್ಲಿ ನಿರಾಸೆ.

ಪೂರಾ ಅಲ್ಲ. ಆಲ್ಟಾ ಮೊದಲು ಬೆಳ್ಳಿ ಗಣಿಗಳ ಊರು. ಗಣಿ ಕಾಲದ ಪಟ್ಟಾಗಳು ಗುಡ್ಡದಲ್ಲಿ ಇನ್ನೂ ತುಣುಕು ತುಣುಕಾಗಿ ಉಳಿದಿವೆ. ಆಲ್ಟಾ ಪಕ್ಕದ ಗ್ರಿಜ್ಲಿ ಗಲ್ಚ್‌ನಲ್ಲಿ ಜನ ನಡೆದು ಹತ್ತುವ ಜಾಗದ ಬಹುಪಾಲು ರೆಸಾರ್ಟ್ ಕಂಪನಿಯದೇ. ಅಲ್ಲಿ ಲಿಫ್ಟ್ ಬರಬೇಕೋ ಬೇಡವೋ ಎಂಬ ಜಗ್ಗಾಟ ಹಳೆಯದು. ಇದನ್ನು ಕೇಳಿ ಮಾಮಾರು ಕುರ್ಚಿ ಹತ್ತಿರ ಎಳೆದುಕೊಂಡರು. “ಹಾಂ, ಹಂಗ ಹೇಳು ಯವ್ವಾ.”

ಜಾರ್ಜ್ ವಾಟ್ಸನ್ ಕತೆ ಹೇಳಿದೆ. ಗಣಿ ಮುಳುಗಿ ಊರು ಖಾಲಿಯಾದ ಮೇಲೆ ತನ್ನನ್ನು ತಾನೇ ಆಲ್ಟಾದ ಮೇಯರ್ ಎಂದು ಕರೆದುಕೊಂಡಿದ್ದ ಮನುಷ್ಯ. ತೆರಿಗೆ ಬಾಕಿ ತಲೆಗೇರಿದಾಗ, 1930ರ ದಶಕದ ಕೊನೆಯಲ್ಲಿ, ಸುಮಾರು 1,800 ಎಕರೆಯನ್ನು ಅರಣ್ಯ ಇಲಾಖೆಗೆ ಬಿಟ್ಟುಕೊಟ್ಟ. 1939ರ ಜನವರಿಯಲ್ಲಿ ಅಲ್ಲಿ ಸ್ಕೀ ಲಿಫ್ಟ್ ಓಡಿತು. ಮಾಮಾರು ಬಹಳ ಹೊತ್ತು ತಲೆ ಅಲ್ಲಾಡಿಸಿದರು. “ಹದಿನೆಂಟ್ನೂರು ಎಕರೆ! ಒಬ್ಬ ಛಲೋ ವಕೀಲ ಸಿಕ್ಕಿದ್ರ ಮೂವತ್ತು ವರ್ಷ ಎಳೀಬಹುದಿತ್ತು.”

ಆಲ್ಟಾ ಕಡೆ ಹಿಮವನ್ನು ಮೊದಲೇ ಕೆಡವಲು ದಶಕಗಟ್ಟಲೆ ಮಿಲಿಟರಿ ಫಿರಂಗಿಯಿಂದ ಗುಡ್ಡಕ್ಕೆ ಗುಂಡು ಹೊಡೆಯುತ್ತಿದ್ದರು ಎಂದಾಗ ಮಾತ್ರ ಅವರಿಗೆ ಅಚ್ಚರಿಯಾಗಲಿಲ್ಲ. “ನಮ್ಮ ಮಲಿಕ್-ಎ-ಮೈದಾನ್ ಬುರುಜಿನ ಮ್ಯಾಲ ಸುಮ್ಮ ಕುಂತದಲ್ಲ, ತರಿಸ್ರಿ.” 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ತೋಪು ವಿಜಾಪುರಕ್ಕೆ ಬಂದಿದೆಯಂತೆ, ಇನ್ನೊಂದಿಷ್ಟು ದೂರ ಬಂದರೆ ಏನು ಎಂಬುದು ಅವರ ವಾದ.

ಹೊರಡುವ ಮೊದಲು ಪಾರ್ಕಿನಲ್ಲಿ ಬೀಕನ್ ತಾಲೀಮು. ಹಿಮದಡಿ ಸಿಕ್ಕವರನ್ನು ಹದಿನೈದು ನಿಮಿಷದೊಳಗೆ ತೋಡಿದರೆ ಬದುಕುವ ಆಸೆ ಹೆಚ್ಚು, ಅಲ್ಲಿಂದ ಮುಂದೆ ಜರ್ರನೆ ಇಳಿಯುತ್ತದೆ. ನಾನು ಬೀಕನ್ನನ್ನು ರೊಟ್ಟಿ ಡಬ್ಬಿಯಲ್ಲಿಟ್ಟು ಹೂತೆ. ಸಿಂದಗಿಯವರ ಯಂತ್ರ ತಿರುತಿರುಗಿ ಅವರ ಎದೆಯನ್ನೇ ತೋರಿಸುತ್ತಿತ್ತು. ಒಳಜೇಬಿನ ಫೋನಿನಲ್ಲಿ ಊರಿನ ಅಕ್ಕನ ಜೊತೆ ವಿಡಿಯೊ ಕಾಲ್ ನಡೆದಿತ್ತು. ಫೋನು ಹತ್ತಿರವಿದ್ದರೆ ಬೀಕನ್ ದಾರಿ ತಪ್ಪುತ್ತದೆ. ಫೋನು ಕಾರಿಗೆ ಹೋದ ಮೇಲೆ ಡಬ್ಬಿ ಸಿಕ್ಕಿತು. ಒಳಗಿನ ರೊಟ್ಟಿ ಮುರಿದಿರಲೂ ಇಲ್ಲ.

ಅಂಕ ಒಂದು ಬಂದ ಭಾನುವಾರ ಮಿಲ್ ಡಿಗೆ ಹೊರಟೆವು. ಮಾಮಾರಿಗೆ ಬಾಡಿಗೆಯ ಸ್ನೋಶೂ, ಕೈಯಲ್ಲೊಂದು ಕೋಲು, ತಲೆಗೆ ಟೊಪ್ಪಿಗೆಯ ಮೇಲೆ ಟವೆಲ್ಲು. ನಮಗಿಂತ ಮೊದಲು ಬಂದವರ ಸ್ಕೀಗಳು ಹಿಮದಲ್ಲಿ ನುಣುಪಾದ ಹಾದಿ ಕೊರೆದಿದ್ದವು. ಮಾಮಾರು ಅದರ ನಟ್ಟನಡುವೆ ಗಸಗಸ ನಡೆಯತೊಡಗಿದರು. ಹಿಂದಿನಿಂದ ಬಂದ ಬಿಳಿಗೂದಲ ಹೆಂಗಸೊಬ್ಬರು ನಗುತ್ತಲೇ ನಿಂತು, ಸ್ನೋಶೂನವರು ದಯವಿಟ್ಟು ಪಕ್ಕದಲ್ಲಿ ನಡೆಯಬೇಕು, ತುಳಿದು ತೂತಾದರೆ ಹಿಂದೆ ಬರುವವರ ಸ್ಕಿನ್ನಿಗೆ ಹಿಡಿತ ಸಿಗುವುದಿಲ್ಲ ಎಂದರು. ಮಗ ಕನ್ನಡಕ್ಕೆ ತಂದ.

ಅಮೆರಿಕಕ್ಕೆ ಬಂದ ಮೇಲೆ ಮಾಮಾರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಕೋಲು ಊರಿ ನಿಂತರು.

“ಈ ದಾರಿ ಹಾಕಿದವ್ರು ಯಾರು?”

“ಮುಂಜಾನೆ ಮೊದಲು ಬಂದವ್ರು, ಮುತ್ಯಾ.”

“ಅವ್ರಿಗೆ ಕೂಲಿ?”

“ಇಲ್ಲ.”

“ಎಷ್ಟು ವರ್ಷದಿಂದ ಅದ?”

“ಇವತ್ತಿಂದ. ನಾಳಿ ಹಿಮ ಬಿದ್ರ ಇರೂದಿಲ್ಲ.”

“ಹಂಗಾರ ಆಕಿಗೆ ಹೇಳು, 1882ರ ಕಾಯ್ದೆ ಪ್ರಕಾರ ಇಪ್ಪತ್ತು ವರ್ಷ ತಡಿಯಿಲ್ಲದ ಅಡ್ಡಾಡಿರಬೇಕು, ಆವಾಗ ದಾರಿ ಹಕ್ಕು. ಇಪ್ಪತ್ತು ತಾಸೂ ಆಗಲಾರದ್ದಕ್ಕ ಎಲ್ಲೀ ತಕರಾರು?”

ಏನಂತಾರೆ ಎಂದು ಆಕೆ ಕೇಳಿದರು. ‘ಥ್ಯಾಂಕ್ಸ್ ಅಂತಿದಾರೆ’ ಎಂದ ನನ್ನ ಮಗ. ಮುತ್ಯಾನ ಮೊಮ್ಮಗ, ದೊಡ್ಡವನಾದ ಮೇಲೆ ವಕೀಲನಾಗುವ ಲಕ್ಷಣವಿದೆ.

ಮಾಮಾರು ಮಾತು ಗೆದ್ದರೂ ಜಾಗ ಬಿಟ್ಟರು. ಕೋಲಿನಿಂದ ಒಂದು ಮಾರು ಅಳೆದು ಪಕ್ಕದಲ್ಲೇ ತಮ್ಮದೊಂದು ಹಾದಿ ತುಳಿಯುತ್ತ ಹೊರಟರು. ಗಂಡಸರು ಮಕ್ಕಳು ಪೌಡರ್ ಪಾರ್ಕ್ ತನಕ ಹೋಗಿ ಇಳಿದರು. ಸಿಂದಗಿಯವರು ಹೆಚ್ಚಿನ ದೂರವನ್ನು ಕೂತೇ ಇಳಿದರು. ಅಷ್ಟರಲ್ಲಿ ನಾನು, ಮಾಮಾರು ಮರದ ಬುಡದಲ್ಲಿ ರೊಟ್ಟಿ ತಿಂದು ಮುಗಿಸಿದ್ದೆವು. ವಾಪಸು ಬರುವಾಗ ಅವರು ಎರಡೂ ಹಾದಿಗಳನ್ನು ತೋರಿಸಿದರು. ನಮ್ಮ ಗ್ರಾಮ ನಕಾಶೆಯಲ್ಲಿ ಒಂದು ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. “ನೋಡು, ಈಗ ಟ್ರ್ಯಾಕ್ಟರ್ ಹಾಯತದ.”

ರಾತ್ರಿ ಊರಿಗೆ ಫೋನು. ಅಲ್ಲಿ ಬೆಳಗಾಗಿತ್ತು, ಕಾಕಾನ ಮಗ ಆ ತಕರಾರಿನ ಹೊಲದಲ್ಲೇ ಇದ್ದ. ಮಾಮಾರು ಗುಡ್ಡ, ಹಿಮ, ಹೆಂಗಸಿನ ತಕರಾರು ಎಲ್ಲ ಬಣ್ಣಿಸಿದರು.

“ಗುಡ್ಡ ಯಾರದು?”

“ಸರಕಾರದ್ದು.”

“ಬೇಲಿ?”

“ಇಲ್ಲ.”

“ಅಣ್ಣಾ, ನಮ್ಮ ನಾಕು ತಾಲೂಕಿನ ಮಂದಿ ಅಲ್ಲಿ ಹೋಗಿ ಇಷ್ಟು ವರ್ಷ ಏನ್ ಮಾಡಾಕತ್ಯಾರ? ಎರಡೆಕರೆನರ ಒತ್ತಾಕ ಆಗಿಲ್ಲೇನು?”